ಪಾಚಿ ಹಿಡಿದ ತಾಮ್ರ ಎಲ್ಲಿ ಹೋಯಿತು?

ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಹೆಚ್ಚು ಜನ ಸೇರಿದ್ದು ಪಾಚಿಯ ಮೇಜಿನ ಮುಂದೆ. ಪಿಸಿಎಂಬಿ ಗೆಳೆಯರು ಮೈಲುತುತ್ತ ಕರಗಿಸಿದ ನೀರಿಗೆ ಒಣಗಿದ ಪಾಚಿಯ ಪುಡಿ ಹಾಕಿ, ಕಲಕಿ, ಒಂದು ಗಂಟೆ ಬಿಟ್ಟು ಸೋಸಿದ್ದರು. ಆಮೇಲೆ ಎರಡು ಟೆಸ್ಟ್ ಟ್ಯೂಬ್‌ಗಳಿಗೂ ಅಮೋನಿಯಾ ಹನಿ ಹಾಕಿದರು. ಪಾಚಿ ಹಾಕದ ನೀರು ಕಡುನೀಲಿಯಾಯಿತು. ಸೋಸಿದ ನೀರಿನಲ್ಲಿ ನೀಲಿ ಬಹಳ ತೆಳುವಾಗಿತ್ತು. ಚಾರ್ಟಿನಲ್ಲಿ ದಪ್ಪ ಅಕ್ಷರ: 'ಪಾಚಿಯಿಂದ ವಿಷಲೋಹ ನಿವಾರಣೆ'.

"ತಾಮ್ರ ಎಲ್ಲಿ ಹೋಯ್ತು?" ಎಂದು ಕೇಳಿದೆ. ಗೆಳೆಯ ಫಿಲ್ಟರ್ ಪೇಪರ್ ತೋರಿಸಿದ. ಸಂಜೆ ಅದೇ ಪೇಪರ್ ಕಸದ ಬುಟ್ಟಿಯಲ್ಲಿತ್ತು, ಸಮೋಸಾ ತಟ್ಟೆಗಳ ಜೊತೆ.

ನಾನು ಕಾಮರ್ಸ್ ಓದುವವನು. ಒಂದು ಖಾತೆಯಿಂದ ಹೋದದ್ದು ಇನ್ನೊಂದು ಖಾತೆಗೆ ಬರಲೇಬೇಕು ಎಂದು ನಮಗೆ ಮೊದಲ ಪಿಯುಸಿಯಲ್ಲೇ ಕಲಿಸುತ್ತಾರೆ. ತಾಮ್ರ, ಸೀಸ, ಕ್ಯಾಡ್ಮಿಯಂ ಮೂಲವಸ್ತುಗಳು. ಅವು ಕೊಳೆತು ಇಲ್ಲವಾಗುವುದಿಲ್ಲ. ಪಾಚಿಯ ಕೋಶಭಿತ್ತಿಯ ಋಣ ಆವೇಶಕ್ಕೆ ಲೋಹದ ಧನ ಅಯಾನುಗಳು ಅಂಟಿಕೊಳ್ಳುತ್ತವೆ, ಅಷ್ಟೇ. ಆಮ್ಲ ತಾಗಿದರೆ ಮತ್ತೆ ಬಿಟ್ಟುಕೊಡುತ್ತವೆ. ಇದು ನಿವಾರಣೆ ಅಲ್ಲ, ವರ್ಗಾವಣೆ.

ಜಕ್ಕೂರು ಕೆರೆಯಲ್ಲಿ ಪಾಚಿಯ ಕೊಳ ಇದೆಯಲ್ಲ ಎಂದರು ಗೆಳೆಯರು. ನಿಜ. ಆದರೆ ಅಲ್ಲಿ ಪಾಚಿ ಮುಖ್ಯವಾಗಿ ಹೀರುವುದು ಶುದ್ಧೀಕರಿಸಿದ ಕೊಳಚೆ ನೀರಿನ ಸಾರಜನಕ, ರಂಜಕಗಳನ್ನು. ಅವು ಅದರ ಆಹಾರ. ಲೋಹ ಹಾಗಲ್ಲ. ನಮ್ಮ ಮಡಿವಾಳ ಕೆರೆಗೆ ಪಾಚಿ ಹರಡಿದರೆ ಲೋಹ ಹಿಡಿದ ಪಾಚಿಯನ್ನು ಹೆಕ್ಕುವವರು ಯಾರು? ಮೀನು ತಿನ್ನುತ್ತದೆ, ಮೀನನ್ನು ನಾವು.

ನನ್ನ ಮಾಮು ಮೈಸೂರು ರಸ್ತೆ ಕಡೆ ಒಂದು ಸಣ್ಣ ಪ್ಲೇಟಿಂಗ್ ಶಾಪಿನಲ್ಲಿ ಕೆಲಸ ಮಾಡುತ್ತಾರೆ. ನಲ್ಲಿಗಳಿಗೆ ನಿಕ್ಕಲ್ ಹಾಕಿ ತೊಳೆದ ನೀರು ಹಿಂದಿನ ಚರಂಡಿಗೆ ಹೋಗುತ್ತದೆ. ಅಲ್ಲಿಂದ ವೃಷಭಾವತಿ, ಕೆಂಗೇರಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ. ಆ ನೀರಿನಲ್ಲಿ ಬೇಸಾಯ ನಡೆಯುತ್ತದೆ. ಇದನ್ನು ಹೇಳಿದಾಗ ಮಾಮು, "ಶಾಪ್ ಮುಚ್ಚಿದರೆ ಮನೆ ನಡೆಯೋದು ಹೇಗೆ ಬೇಟಾ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಈಗ ಅನ್ನಿಸುವುದು, ಪಾಚಿಯ ಜಾಗ ಕೆರೆಯಲ್ಲ, ಆ ಶಾಪಿನ ಹಿಂದಿನ ತೊಟ್ಟಿ. ನೀರು ಚರಂಡಿ ಸೇರುವ ಮೊದಲೇ ಲೋಹ ಹಿಡಿದರೆ ಪಾಚಿಯನ್ನು ಚೀಲದಲ್ಲಿ ತುಂಬಿ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಕಳಿಸಬಹುದು. ಶಾಪೂ ನಡೆಯುತ್ತದೆ. ಖರ್ಚು ಮಾತ್ರ ಮಾಲೀಕರದ್ದಾಗಬೇಕು, ಮಾಮುವಿನ ಸಂಬಳದಿಂದ ಕಡಿಯಬಾರದು.

ಮುಂದಿನ ವರ್ಷದ ಚಾರ್ಟಿನಲ್ಲಿ ಇನ್ನೊಂದು ಸಾಲು ಇರಲಿ: ಸೋಸಿದ ಪಾಚಿ ಎಷ್ಟು ಗ್ರಾಂ, ಯಾರಿಗೆ ಕೊಟ್ಟಿರಿ. ಆ ಲೆಕ್ಕ ನಾನು ಬರೆಯುತ್ತೇನೆ. ಈ ವರ್ಷದ ಫಿಲ್ಟರ್ ಪೇಪರನ್ನು ಬುಟ್ಟಿಯಿಂದ ತೆಗೆದು ಲ್ಯಾಬಿನ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇವೆ. ಇನ್ನೂ ಅಲ್ಲೇ ಇದೆ.