ಹರಿಯುತ್ತಿರುವಾಗಲೇ ಅಂತರಗಂಗೆಯನ್ನು ಅಳೆಯಿರಿ

ಕೋಲಾರದ ಮಗ್ಗುಲಿಗೇ ಇರುವ ಶತಶೃಂಗ ಬೆಟ್ಟವನ್ನು ಜನ ಎರಡು ಕಾರಣಕ್ಕೆ ಹತ್ತುತ್ತಾರೆ. ಕಾಶಿ ವಿಶ್ವೇಶ್ವರನ ದರ್ಶನ ಒಂದು, ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಧುಮುಕುವ ಅಂತರಗಂಗೆಯ ನೀರು ಇನ್ನೊಂದು. ಬರಿಗೈಯಲ್ಲಿ ಬಂದವರು ಬೊಗಸೆಯೊಡ್ಡಿ ಕುಡಿಯುತ್ತಾರೆ. ಕ್ಯಾನು ತಂದವರು ತುಂಬಿಸಿ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾರೆ. ಮೋಟಾರಿಲ್ಲ, ಕರೆಂಟಿಲ್ಲ, ನಾಣ್ಯ ಹಾಕಬೇಕಿಲ್ಲ.

ಇದು ಎಂಥ ಜಿಲ್ಲೆಯಲ್ಲಿ ಎಂಬುದನ್ನು ಮರೆಯಬಾರದು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಇಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಬಹಳ ಕಾಲವಾಯಿತು. ಅಷ್ಟು ಆಳದಿಂದ ಬಂದ ನೀರಿನಲ್ಲೂ ಎಷ್ಟೋ ಕಡೆ ಫ್ಲೋರೈಡ್ ಇದೆ. ಹಳ್ಳಿಹಳ್ಳಿಯಲ್ಲಿ ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಲ್ಲುವುದು ಅದಕ್ಕೇ. ಅಂತರ್ಜಲ ಮರುಪೂರಣಕ್ಕೆಂದು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂಥ ನೆಲದಲ್ಲಿ, ಅರಣ್ಯ ಇಲಾಖೆಯ ಸುಪರ್ದಿನಲ್ಲಿರುವ ಬೆಟ್ಟವೊಂದು ತಾನು ಹೀರಿಕೊಂಡ ಮಳೆಯನ್ನು ಬೇಸಿಗೆಯಲ್ಲೂ ಜನರಿಗೆ ಕೊಡುತ್ತಿದೆ.

ನೀರು ಬರುತ್ತಲೇ ಇದೆಯಲ್ಲ, ಈಗೇಕೆ ಆತಂಕ ಎಂದು ಕೇಳುವವರಿದ್ದಾರೆ. ಬರುತ್ತಿದೆ, ನಿಜ. ಆದರೆ ನಿಮಿಷಕ್ಕೆ ಎಷ್ಟು ಲೀಟರ್? ಹೋದ ಏಪ್ರಿಲ್‌ಗಿಂತ ಹೆಚ್ಚೋ ಕಡಿಮೆಯೋ? ಕ್ಯಾನು ಹಿಡಿದು ನಿಂತವರನ್ನು ಕೇಳಿದರೆ ‘ಯಾವತ್ತೂ ನಿಂತಿಲ್ಲ’ ಎನ್ನುತ್ತಾರೆ. ಆ ನಂಬಿಕೆ ದೊಡ್ಡದು, ಅದನ್ನು ಗೌರವಿಸೋಣ. ಆದರೆ ಒರತೆ ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಮೊದಲು ಬೇಸಿಗೆಯ ಧಾರೆ ಸಣ್ಣಗಾಗುತ್ತದೆ, ಮಳೆ ಬಿದ್ದೊಡನೆ ತುಂಬಿ ಬಂದು ಬೇಗ ಇಳಿಯುತ್ತದೆ. ಪ್ರತಿ ವರ್ಷ ಸ್ವಲ್ಪಸ್ವಲ್ಪವೇ ನಡೆಯುವ ಈ ಬದಲಾವಣೆ ನೋಡುವ ಕಣ್ಣಿಗೆ ಸಿಗದು, ಬರೆದಿಟ್ಟ ಲೆಕ್ಕಕ್ಕೆ ಮಾತ್ರ ಸಿಗುತ್ತದೆ.

ಹಿಮಾಲಯದಲ್ಲಿ ಆದದ್ದು ಕಣ್ಣ ಮುಂದಿದೆ. ಅಲ್ಲಿನ ಒರತೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತುತ್ತಿವೆ ಎಂದು ನೀತಿ ಆಯೋಗದ 2018ರ ವರದಿ ಎಚ್ಚರಿಸಿತು. ಸಿಕ್ಕಿಂ ಅದಕ್ಕೂ ಹತ್ತು ವರ್ಷ ಮೊದಲೇ ‘ಧಾರಾ ವಿಕಾಸ್’ ಆರಂಭಿಸಿತ್ತು. ಒರತೆಯ ಬಾಯಿಗೆ ಸಿಮೆಂಟು ಮೆತ್ತಿ ಸುಮ್ಮನಾಗದೆ, ಅದಕ್ಕೆ ಎಲ್ಲಿಂದ ನೀರು ಇಳಿಯುತ್ತದೆ ಎಂಬುದನ್ನು ಮೊದಲು ಗುರುತಿಸಿ, ಆ ಇಳಿಜಾರಿನಲ್ಲಿ ಇಂಗುಗುಂಡಿ, ಕಂದಕ ತೋಡಿದರು. ಬತ್ತಿದ್ದ ಎಷ್ಟೋ ಒರತೆಗಳು ಮತ್ತೆ ಹರಿದವು.

ಅಂತರಗಂಗೆಯ ವಿಚಾರದಲ್ಲೂ ಗಮನ ಹರಿಯಬೇಕಾದದ್ದು ಮೇಲಕ್ಕೆ. ಬಸವನ ಬಾಯಿ ನೀರು ಹೊರಬೀಳುವ ಜಾಗವಷ್ಟೆ. ನೀರು ಒಳಸೇರುವುದು ಬೆಟ್ಟದ ನೆತ್ತಿಯಲ್ಲಿ. ಅಲ್ಲಿ ತೇರಹಳ್ಳಿಯಂಥ ಊರುಗಳಿವೆ, ಹೊಲಗಳಿವೆ, ದನ ಮೇಯುವ ಬಯಲಿದೆ. ಬಿದ್ದ ಮಳೆ ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಇಂಗಿ, ಬಿರುಕುಗಳ ದಾರಿ ಹಿಡಿದು ಕೆಳಗಿಳಿಯುತ್ತದೆ. ಆ ತೆಳು ಮಣ್ಣೇ ಈ ಒರತೆಯ ಆಸ್ತಿ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ಕಿಡಿಗೆ ಹುಲ್ಲು, ಕುರುಚಲು ಉರಿದುಹೋದರೆ ಮುಂಗಾರಿನ ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗುತ್ತದೆ. ಬರೀ ಬಂಡೆ ನೀರು ಇಂಗಿಸುವುದಿಲ್ಲ, ಜಾರಿಸುತ್ತದೆ. ಮೇಲಿನ ಬಯಲಿನಲ್ಲಿ ಆಳದ ಬೋರು ಕೊರೆದರೆ ಅದೇ ಬಿರುಕಿನ ನೀರಿಗೆ ಅಡ್ಡಬಾಯಿ ಹಾಕಿದಂತೆ. ರೆಸಾರ್ಟಿಗೋ ರಸ್ತೆಗೋ ಬಂಡೆ ಸಿಡಿಸಿದರೆ ಬಿರುಕಿನ ದಾರಿಯೇ ತಿರುಗಿಹೋಗಬಹುದು.

ಇನ್ನು ನೀರಿನ ಗುಣ. ಇದೇ ನನಗೆ ಹೆಚ್ಚು ಭಯ ಹುಟ್ಟಿಸುವ ಸಂಗತಿ. ತಿಳಿಯಾಗಿದೆ, ತಣ್ಣಗಿದೆ, ಬೆಟ್ಟದ ನೀರು ಎಂದ ಮಾತ್ರಕ್ಕೆ ಕುಡಿಯಲು ಯೋಗ್ಯ ಎನ್ನಲಾಗದು. ಮರಳಿನ ಪದರ ರೋಗಾಣುಗಳನ್ನು ಒಂದಿಷ್ಟಾದರೂ ಸೋಸುತ್ತದೆ. ಬಂಡೆಯ ಬಿರುಕು ಸೋಸುವುದಿಲ್ಲ, ಮೇಲೆ ಬಿದ್ದದ್ದನ್ನು ಬೇಗನೆ ಕೆಳಗೆ ತಲುಪಿಸುತ್ತದೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಗುಹೆ ನೋಡಲು, ಚಾರಣಕ್ಕೆ ತಂಡಗಳು ಬರುತ್ತವೆ. ಕಾರ್ತಿಕ ಸೋಮವಾರಗಳಲ್ಲಿ ಭಕ್ತರು ಕಿಕ್ಕಿರಿಯುತ್ತಾರೆ. ಇಷ್ಟು ಜನರಿಗೆ ಶೌಚದ ವ್ಯವಸ್ಥೆ ಸಾಲದಿದ್ದರೆ ಬಂಡೆಯ ಮರೆಯೇ ಶೌಚಾಲಯವಾಗುತ್ತದೆ, ಮತ್ತು ಆ ಬಂಡೆ ಒರತೆಯ ಮೇಲ್ಭಾಗದ್ದೂ ಆಗಿರಬಹುದು. ಮೇಲಿನ ಹೊಲದ ಗೊಬ್ಬರವೂ ಇದೇ ದಾರಿಯಲ್ಲಿ ನೈಟ್ರೇಟ್ ಆಗಿ ಇಳಿಯಬಹುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೋಲೈ ಬ್ಯಾಕ್ಟೀರಿಯಾ ಕೂಡ ಕಾಣಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಎಳೆ ಮಗುವಿಗೂ ತೀರ್ಥವೆಂದು ಕುಡಿಸುವ ನೀರಿದು. ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಹಿಡಿದ ವಾರದಲ್ಲೊಮ್ಮೆಯಾದರೂ ಪರೀಕ್ಷಿಸಿ ಫಲಿತಾಂಶವನ್ನು ಮೆಟ್ಟಿಲ ಬುಡದಲ್ಲೇ ಕನ್ನಡದಲ್ಲಿ ಬರೆದು ಹಾಕುವುದು ಜಿಲ್ಲಾಡಳಿತದ ಹೊಣೆ.

ಕಾನೂನಿನ ಬಲ ಇಲ್ಲವೆಂದಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವುದನ್ನು ರಾಜ್ಯದ 1999ರ ಕಾಯ್ದೆ ತಡೆಯುತ್ತದೆ. ಅಂತರಗಂಗೆಯನ್ನು ಹೆಸರಿಸಿ ಅಧಿಸೂಚನೆ ಹೊರಡಿಸಿ, ಈ ರಕ್ಷಣೆ ಅದಕ್ಕೂ ಸ್ಪಷ್ಟವಾಗಿ ಸಿಗುವಂತೆ ಮಾಡಬೇಕು. ಆದರೆ 500 ಮೀಟರ್ ಎಂಬುದು ನಕ್ಷೆಯ ಮೇಲಿನ ವೃತ್ತ, ಬಿರುಕುಗಳು ವೃತ್ತ ನೋಡಿ ನಿಲ್ಲುವುದಿಲ್ಲ. ಹಾಗಾಗಿ ಭೂವಿಜ್ಞಾನಿಗಳು ಬೆಟ್ಟದ ಮೇಲೆ ನಡೆದಾಡಿ ಮರುಪೂರಣದ ಜಾಗವನ್ನು ಗುರುತಿಸಬೇಕು. ಅದಕ್ಕೆ ಮೊದಲೇ ಜೆಸಿಬಿ ಹತ್ತಿಸಿ ಕಂಡಕಂಡಲ್ಲಿ ಕಂದಕ ತೋಡಿದರೆ ಇರುವ ಮಣ್ಣೂ ಹಾಳು, ನೀರೂ ಬೇರೆ ಪಕ್ಕಕ್ಕೆ ಪಾಲು. ಬೆಟ್ಟದ ಮೇಲಿನ ಊರಿನವರನ್ನು ಈ ಕೆಲಸದಲ್ಲಿ ಮೊದಲು ಕೂರಿಸಿಕೊಳ್ಳಬೇಕು. ಅವರಿಗೆ ಬದಲಿ ನೀರು ಕೊಡದೆ ‘ಬೋರು ಕೊರೆಯಬೇಡಿ’ ಎನ್ನುವುದು ಅನ್ಯಾಯ.

ದೊಡ್ಡ ಯೋಜನೆಗೆ ಕಾಯಬೇಕಾಗಿಲ್ಲ. ಅಳತೆಗೆ ಬೇಕಾದದ್ದು ಒಂದು ಬಕೆಟ್, ಒಂದು ಗಡಿಯಾರ, ಒಂದು ನೋಟ್‌ಬುಕ್. ತಿಂಗಳಿಗೊಮ್ಮೆ ಒಂದೇ ತಾರೀಖಿಗೆ ಬಸವನ ಬಾಯಿಗೆ ಬಕೆಟ್ ಹಿಡಿದು, ತುಂಬಲು ಹಿಡಿದ ಸೆಕೆಂಡುಗಳನ್ನು ಬರೆದಿಡಬೇಕು. ಕೋಲಾರದ ಯಾವುದೇ ಪ್ರೌಢಶಾಲೆಯ ಮಕ್ಕಳು, ಜೊತೆಗೊಬ್ಬ ಅರಣ್ಯ ಸಿಬ್ಬಂದಿ ಇದ್ದರೆ ಸಾಕು. ಒರತೆಯ ನಿಜವಾದ ಶಕ್ತಿ ತಿಳಿಯುವುದು ಅದು ಅತ್ಯಂತ ಸಣ್ಣಗಿರುವಾಗ. ಆದ್ದರಿಂದ ಬರುವ ಬೇಸಿಗೆಯ ಲೆಕ್ಕ ತಪ್ಪಬಾರದು, ಆ ನೋಟ್‌ಬುಕ್ ಮಾರ್ಚ್ ಒಳಗೇ ತೆರೆಯಬೇಕು.