ರೋಗಿಯ ಶ್ರದ್ಧೆಗೂ ಒಂದು ಅಂಕಣವಿರಲಿ



ಗುಣವಾಗುವ ಆಶೆಯಿಲ್ಲದ ರೋಗಿಯಿಂದ ಜೀವರಕ್ಷಕ ಯಂತ್ರಗಳನ್ನು ಹಿಂತೆಗೆಯುವ ಕ್ರಮವನ್ನು ನಮ್ಮ ರಾಜ್ಯ ಸರ್ಕಾರವು 2025ರ ಜನವರಿ 30ರ ಸುತ್ತೋಲೆಯಿಂದ ಅಂಗೀಕರಿಸಿದಂದಿನಿಂದ, ಇಂತಹ ನಿರ್ಣಯದಲ್ಲಿ ಧರ್ಮಕ್ಕೆ ಏನೂ ಕೆಲಸವಿಲ್ಲವೆಂಬ ವಾದವು ವಿದ್ಯಾವಂತರಲ್ಲಿ ಕೇಳಿಬರುತ್ತಿದೆ. ಅದನ್ನು ನಾನು ಒಪ್ಪಲಾರೆ.

ಯಂತ್ರಗಳನ್ನು ಹಿಂತೆಗೆಯುವ ಕುರಿತ ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪಿಗೂ ಅದನ್ನು ಸರಳಗೊಳಿಸಿದ 2023ರ ಆದೇಶಕ್ಕೂ ಅನುಸಾರವಾಗಿ ಒಂದರ ಮೇಲೊಂದು ಎರಡು ಮಂಡಲಿಗಳು ವಿಚಾರಿಸತಕ್ಕದ್ದು. ಎರಡರಲ್ಲಿಯೂ ಇರುವವರು ವೈದ್ಯರೇ, ಹಾಗಿರುವುದೇ ಯುಕ್ತ. ಶ್ವಾಸಕೋಶವು ಚೇತರಿಸೀತೇ ಎಂಬುದನ್ನು ನಿರ್ಧರಿಸಲು ಮಠಾಧಿಪತಿಗಳಿಗಾಗಲಿ ಮೌಲ್ವಿಗಳಿಗಾಗಲಿ ಪಾದ್ರಿಗಳಿಗಾಗಲಿ ಅಧಿಕಾರವಿಲ್ಲ. ಆದರೆ ವೈದ್ಯರು ಹೇಳಬೇಕಾದುದನ್ನೆಲ್ಲ ಹೇಳಿದ ಮೇಲೆ, ತೀವ್ರ ನಿಗಾ ಘಟಕದ ಹೊರಗೆ ಕುಳಿತ ಮಗನು, ತಾನು ಒಪ್ಪಿಗೆಯಿತ್ತರೆ ಪಿತೃಹತ್ಯೆಯ ಪಾಪ ತಟ್ಟೀತೇ ಎಂದು ಕೇಳಿಕೊಳ್ಳುವ ಪ್ರಶ್ನೆಗೆ ಯಾವ ವೈದ್ಯಶಾಸ್ತ್ರ ಉತ್ತರವಿತ್ತೀತು?

ಧರ್ಮವೆಂದರೆ ಕಡೆಯವರೆಗೂ ಯಂತ್ರ ನಡೆಯಲೆಂಬ ಹಠವೆಂದು ಬಗೆಯುವವರು ಧರ್ಮವನ್ನು ವಿಚಾರಿಸಿ ನೋಡಿದವರಲ್ಲ. ಪೋಪ್ ಹನ್ನೆರಡನೆಯ ಪಯಸ್ಸರು 1957ರಲ್ಲಿಯೇ ಅರಿವಳಿಕೆ ತಜ್ಞರಿಗೆ ಉತ್ತರವೀಯುತ್ತ, ಅಸಾಧಾರಣ ಉಪಾಯಗಳಿಂದ ಪ್ರಾಣವನ್ನು ಹಿಡಿದಿಡಬೇಕೆಂಬ ಕಟ್ಟಳೆಯಿಲ್ಲವೆಂದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಷಿಧಿ ಶಾಸನಗಳನ್ನು ಬಲ್ಲ ಕನ್ನಡಿಗರಿಗಂತೂ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅವು ಸ್ಮರಿಸುವ ಸಲ್ಲೇಖನವನ್ನು, ಎಂದರೆ ಆಹಾರವನ್ನು ಕ್ರಮವಾಗಿ ತೊರೆದು ದೇಹ ಬಿಡುವ ವ್ರತವನ್ನು, ಜೈನಾಚಾರ್ಯರು ಮನಸ್ಸು ಬಂದಂತೆ ಕೈಕೊಳ್ಳಲು ಬಿಡದೆ, ಪ್ರತೀಕಾರವಿಲ್ಲದ ರೋಗ, ಮುಪ್ಪು, ದುರ್ಭಿಕ್ಷ, ಉಪಸರ್ಗವೆಂಬ ವಿಪತ್ತುಗಳಿಗೆ ಸೀಮಿತಗೊಳಿಸಿ, ಗುರುವಿನ ಅನುಜ್ಞೆಯನ್ನೂ ವಿಧಿಸಿದರು. ಇದು ವಿವೇಚನೆಯಲ್ಲದೆ ಮತ್ತೇನು? ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟಿನಲ್ಲಿ ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದಾಗ, ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳಿನಲ್ಲಿ ಆ ತೀರ್ಪಿಗೆ ತಡೆಯಾಜ್ಞೆಯಿತ್ತಿತು.

ಆದರೂ ಧರ್ಮದ ಮಾರ್ಗದರ್ಶನವು ರೋಗಿಯ ಶ್ರದ್ಧೆಯಿಂದ ಬಂದುದಾಗಿರಬೇಕೇ ಹೊರತು ಬಂಧುಗಳ ಶ್ರದ್ಧೆಯಿಂದಲ್ಲ, ವೈದ್ಯರ ಶ್ರದ್ಧೆಯಿಂದಂತೂ ಸರ್ವಥಾ ಅಲ್ಲ. ಆಪತ್ತಿನ ಗಳಿಗೆಯಲ್ಲಿ ಯಾರ ಧ್ವನಿ ದೊಡ್ಡದೋ ಅವರ ಮತವೇ ರೋಗಿಯ ಮತವೆಂದು ನಡೆದುಹೋಗುವುದು ಘೋರ ಅನ್ಯಾಯ. ಆದಕಾರಣ ಪ್ರಜ್ಞೆಯಿರುವಾಗಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನದ ನಮೂನೆಯಲ್ಲಿ, ತಮ್ಮ ಪರವಾಗಿ ನಿರ್ಧರಿಸತಕ್ಕವರ ಹೆಸರುಗಳೊಡನೆ, ತಮ್ಮ ಶ್ರದ್ಧೆ ಯಾವುದು, ಯಾವ ಗುರುಹಿರಿಯರ ಸಲಹೆಯನ್ನು ಕೇಳಬೇಕು, ಅಥವಾ ಯಾರ ಸಲಹೆಯೂ ಬೇಡವೇ ಎಂಬುದನ್ನು ಇಚ್ಛೆಯುಳ್ಳವರು ಬರೆಯುವಂತೆ ಆರೋಗ್ಯ ಇಲಾಖೆಯು ಒಂದು ಅಂಕಣವನ್ನು ಒದಗಿಸಬೇಕೆಂದು ಪ್ರಾರ್ಥಿಸುತ್ತೇನೆ. ನಾಸ್ತಿಕನಿಗೂ ಅದರಿಂದಲೇ ರಕ್ಷಣೆ: ಬಾಳಿನುದ್ದಕ್ಕೂ ತೊರೆದಿದ್ದ ಮತದ ಹೆಸರಿನಲ್ಲಿ, ಪ್ರಜ್ಞೆ ತಪ್ಪಿದ ಅವನ ದೇಹವನ್ನು ಕುರಿತು ಇತರರು ತೀರ್ಮಾನಿಸಲಾಗದು.

ಇತಿ,
ಓರ್ವ ವಾಚಕ, ಹಾಸನ