ಸೆಲ್ ಹಾಕಿಸಲು ಶೋರೂಮ್‌ವರೆಗೆ ಯಾಕೆ ಹೋಗಬೇಕು?

ಬೀಳಗಿ ತಾಲೂಕಿನ ಕಬ್ಬು ಬೆಳೆಗಾರರೊಬ್ಬರ ಕಾರು ಈ ವಾರ ಮುಧೋಳದ ಪೇಟೆಯಲ್ಲಿ ಬಾಗಿಲೇ ತೆಗೆಯಲಿಲ್ಲ. ಕೀಲಿಕೈ ಬದಲಿಗಿದ್ದ ಜೇಬಿನ ಕಾರ್ಡನ್ನು ಹಿಡಿಕೆಯ ಹತ್ತಿರ ಒಯ್ದರೂ ಇಲ್ಲ, ಗುಂಡಿ ಒತ್ತಿದರೂ ಇಲ್ಲ. ಶೋರೂಮಿಗೆ ಫೋನ್ ಹಚ್ಚಿದರೆ ಬಂದ ಉತ್ತರ: ‘ಕಾರ್ಡಿನ ಪ್ರೋಗ್ರಾಂ ಹೋಗಿರಬೇಕ್ರಿ, ಗಾಡಿ ಇಲ್ಲಿಗೇ ತರಬೇಕಾಗ್ತದ.’ ಗಾಡಿ ಎಳೆಯುವ ಟ್ರಕ್ ಬಂತು, ಬಾಡಿಗೆ ಏರಿತು, ಇಡೀ ದಿನ ಹೋಯಿತು. ಅಲ್ಲಿ ಆದದ್ದು ಇಷ್ಟೇ: ಕಾರ್ಡಿನೊಳಗಿನ ಹಳೆಯ ಸೆಲ್ ತೆಗೆದು ಹೊಸದು ಹಾಕಿದರು. ಬಿಲ್ಲಿನಲ್ಲಿ ಮಾತ್ರ ‘ಪ್ರೋಗ್ರಾಮಿಂಗ್’ ಎಂದು ಬರೆದರು.

ಸಿಟ್ಟು ಬರುವುದು ಇಲ್ಲೇ. ಬಹುತೇಕ ಕಾರುಗಳಲ್ಲಿ ಸೆಲ್ ಸತ್ತರೆ ಕಾರ್ಡಿನ ಗುಪ್ತ ಸಂಕೇತ ಅಳಿಸಿಹೋಗುವುದಿಲ್ಲ. ಅದು ಚಿಪ್ಪಿನಲ್ಲಿ ಹಾಗೇ ಉಳಿದಿರುತ್ತದೆ. ಹೊಸ ಸೆಲ್ ಹಾಕಿದ ಕೂಡಲೇ ಕಾರ್ಡು ಮೊದಲಿನಂತೆ ಮಾತಾಡುತ್ತದೆ.

ಕೀಲಿಕೈ ಬದಲು ಕಾರ್ಡು ಕೊಡುವ ಪದ್ಧತಿಯನ್ನು 2001ರ ಹೊತ್ತಿಗೆ ಲಗೂನಾ ಕಾರಿನ ಮೂಲಕ ಜನಪ್ರಿಯ ಮಾಡಿದ್ದು ಫ್ರಾನ್ಸಿನ ರೆನೋ. ಭಾರತದಲ್ಲಿ ಅದೇ ಕಂಪನಿಯ ಟ್ರೈಬರ್ (2019) ಮತ್ತು ಕೈಗರ್ (2021) ಕಾರುಗಳ ಮೇಲಿನ ದರ್ಜೆಯ ಮಾದರಿಗಳಿಗೆ ಇಂಥ ಕಾರ್ಡು ಬಂತು. ಉಳಿದ ಕಂಪನಿಗಳ ಸ್ಮಾರ್ಟ್ ಕೀಗಳ ಆಕಾರ ಬೇರೆ, ಒಳಗಿನ ತಂತ್ರ ಹೆಚ್ಚುಕಡಿಮೆ ಒಂದೇ. ಕಾರು ತನ್ನ ಸುತ್ತ ಒಂದೆರಡು ಮೀಟರಿನೊಳಗೆ ಸಣ್ಣ ರೇಡಿಯೋ ಅಲೆ ಬಿಡುತ್ತದೆ. ಅದನ್ನು ಕೇಳಿ ಕಾರ್ಡು ಉತ್ತರ ಕೊಡುತ್ತದೆ. ಹೀಗೆ ಕೇಳಿ ಉತ್ತರ ಕೊಡುವುದಕ್ಕೇ ಸೆಲ್ ಬೇಕು. ಕಾರಿನ ಪಕ್ಕದಲ್ಲೇ, ಇಲ್ಲವೇ ಟಿವಿ ಮತ್ತು ಕಂಪ್ಯೂಟರಿನ ಹತ್ತಿರ ಇಟ್ಟರೆ ಸೆಲ್ ಬೇಗ ಖಾಲಿಯಾಗುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷ ಬಾಳುತ್ತದೆ. ಅದೂ ಒಮ್ಮೆಲೇ ಸಾಯುವುದಿಲ್ಲ. ಮೊದಲು ದೂರದಿಂದ ಕೆಲಸ ಮಾಡುವುದನ್ನು ಬಿಡುತ್ತದೆ, ಎಷ್ಟೋ ಕಾರುಗಳಲ್ಲಿ ಮೀಟರಿನ ಪರದೆಯ ಮೇಲೆ ಎಚ್ಚರಿಕೆಯೂ ಬರುತ್ತದೆ.

ಪೂರ್ತಿ ಸತ್ತರೂ ದಾರಿ ಇದೆ. ಕಾರ್ಡಿನ ಒಂದು ಅಂಚಿನಲ್ಲಿ ಸಣ್ಣ ಕೀಲಿಕೈ ಅಡಗಿರುತ್ತದೆ. ಚಾಲಕರ ಬಾಗಿಲಿನ ಕೀಲಿರಂಧ್ರವೂ ಕೆಲವು ಕಾರುಗಳಲ್ಲಿ ಮುಚ್ಚಳದ ಹಿಂದೆ ಇರುತ್ತದೆ. ಒಳಗೆ ಹೋದ ಮೇಲೆ ಕಾರ್ಡನ್ನು ಸ್ಟಾರ್ಟ್ ಗುಂಡಿಗೆ ತಾಗಿಸಬೇಕು, ಇಲ್ಲವೇ ಕಂಪನಿ ಗುರುತು ಮಾಡಿದ ಜಾಗದಲ್ಲಿಡಬೇಕು. ಕಳ್ಳತನ ತಡೆಯುವ ಚಿಪ್ಪು ಕಾರಿನಿಂದಲೇ ಶಕ್ತಿ ಪಡೆಯುವುದರಿಂದ ಸೆಲ್ ಇಲ್ಲದಿದ್ದರೂ ಎಂಜಿನ್ ಚಾಲೂ ಆಗುತ್ತದೆ. ಬೀಳಗಿಯ ರೈತರ ಜೇಬಿನಲ್ಲೇ ಈ ದಾರಿ ಇತ್ತು. ಹೇಳಿಕೊಟ್ಟವರಿರಲಿಲ್ಲ.

ಸೆಲ್ಲಿನ ಮೇಲಿನ ನಂಬರೂ ಒಗಟಲ್ಲ. ಸಿಆರ್2032 ಅಂದರೆ ಲಿಥಿಯಂ ಸೆಲ್, ದುಂಡಗಿನದು, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಸಿಆರ್2025 ಹಾಕಿದರೆ ದಪ್ಪ ಕಡಿಮೆಯಾಗಿ ಸಂಪರ್ಕದ ತಗಡಿಗೆ ಸರಿಯಾಗಿ ತಾಗದಿರಬಹುದು. ಹಳೆಯದರ ನಂಬರ್ ನೋಡಿ ಅದನ್ನೇ ತರಬೇಕು, ಅದು ಯಾವ ಮಗ್ಗುಲು ಮೇಲಾಗಿತ್ತೋ ಹಾಗೇ ಕೂಡಿಸಬೇಕು. ಬೆಲೆ ನೂರು ರೂಪಾಯಿಯೊಳಗೆ. ಜಮಖಂಡಿಯ ಗಡಿಯಾರ ರಿಪೇರಿಯವರು ‘ಹಳೇದು ತೋರಸ್ರಿ’ ಎಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಕೆಲಸ ಮುಗಿಯಿತು. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ನಿಂತರೆ ಮಗ್ಗ ರಿಪೇರಿಯ ಜಾಬರ್ ಬಂದು ನಿಂತಲ್ಲೇ ಬಿಚ್ಚಿ ಸರಿಮಾಡುತ್ತಾರೆ. ಹೊಲದ ಪಂಪ್‌ಸೆಟ್ಟನ್ನು ಮೊಬೈಲಿನಿಂದ ಚಾಲೂ ಮಾಡುವ ರೈತರು ಈ ಸೀಮೆಯವರು. ಇಂಥವರನ್ನು ಒಂದು ಸೆಲ್ಲಿಗಾಗಿ ಶೋರೂಮ್‌ವರೆಗೆ ಅಲೆಸುವುದು ಅವರ ಜಾಣ್ಮೆಗೆ ಮಾಡುವ ಅವಮಾನ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಲೇಬೇಕು. ತೆಗೆದ ಹಳೆಯ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನಲ್ಲಿ ಅಲ್ಲಿನ ಮಾಂಸವನ್ನು ಸುಡುತ್ತದೆ. ಕಾರ್ಡು ನಡೆಸಲಾಗದ ಸೆಲ್ಲಿನಲ್ಲೂ ಅಷ್ಟು ಕಸುವು ಉಳಿದಿರುತ್ತದೆ. ಜಮಖಂಡಿಯಿಂದ ಬಾಗಲಕೋಟೆಯ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲೇ ಒಂದು ತಾಸಿಗೂ ಹೆಚ್ಚು ಹೋಗುತ್ತದೆ. ಅಮೆರಿಕದಲ್ಲಿ ರೀಸ್ ಎಂಬ ಪುಟ್ಟ ಮಗು ಇಂಥ ಸೆಲ್ ನುಂಗಿ ತೀರಿಕೊಂಡ ಮೇಲೆ 2022ರಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂತು. ನಮ್ಮಲ್ಲಿ ಅದೇ ವರ್ಷ ಬಂದ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಾಗಿರುವಾಗ ತಾಲೂಕು ಊರುಗಳ ಪ್ರತಿ ಅಂಗಡಿಯಲ್ಲೂ ಅದಕ್ಕೊಂದು ಡಬ್ಬಿ ಇರಬೇಕಿತ್ತು.

ಇಷ್ಟೆಲ್ಲವನ್ನೂ ಹೇಳಬೇಕಾದದ್ದು ಕಾರಿನ ಕೈಪಿಡಿ. ಅದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಬಿದ್ದಿರುತ್ತದೆ, ಬಹುತೇಕ ಇಂಗ್ಲಿಷಿನಲ್ಲಿ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶ ಮಾಡಿತು. ಚೆನ್ನೈ ಬಳಿಯ ಒರಗಡಂನಲ್ಲಿ ತಯಾರಾಗಿ ಬರುವ ರೆನೋ ಕಾರಿಗೆ ಅದು ತಾಗುವುದಿಲ್ಲ. ತಾಗುವಂತೆ ಮಾಡಲಿ. ಈ ರಾಜ್ಯದಲ್ಲಿ ಮಾರಾಟವಾಗುವ ಪ್ರತಿ ಕಾರಿನ ಜೊತೆ ಸೆಲ್ ಬದಲಿಸುವುದು, ಚಕ್ರ ಬದಲಿಸುವುದು, ಬಾಗಿಲು ತೆಗೆಯದಿದ್ದರೆ ಮಾಡಬೇಕಾದದ್ದು ಇಷ್ಟಾದರೂ ಕನ್ನಡದ ಒಂದು ಹಾಳೆಯಲ್ಲಿ ಬರಲಿ. ಸಾಲದ ಕಂತು, ಹಬ್ಬದ ರಿಯಾಯಿತಿ ಸಾರುವ ಫಲಕಗಳಿಗೆ ಕಾರು ಕಂಪನಿಗಳಿಗೆ ಚೊಕ್ಕ ಕನ್ನಡ ಸಿಗುತ್ತದೆ. ದುಡ್ಡು ಕೈಸೇರಿದ ಮರುದಿನವೂ ಅದೇ ಕನ್ನಡ ಅವರಿಗೆ ನೆನಪಿರಲಿ.